ಯಾರಿಗೆ ಏನಿದೆ? ಒಂದು ಇಂಗ್ಲಿಷ್ ಕ್ರಿಯಾಪದದ ಸುತ್ತ ಮಾತುಕತೆ

ಮಾತಾಡುವವರು ಮೂವರು. ಮಾಸ್ತರು ಶಿರಸಿಯವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅಕ್ಕೋರು ಸಿದ್ದಾಪುರದ ಹಳ್ಳಿಮನೆಯಲ್ಲೇ ಕೂತು ಅಂತರ್ಜಾಲದ ಮೂಲಕ ತಮಿಳುನಾಡಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು, ತಮಿಳು ಬಲ್ಲವರು. ತೋಟಿಗರು ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು, ಊರಿನ ಶಾಲೆಯ ಕೆಲಸದಲ್ಲಿ ಕೈಜೋಡಿಸಿದವರು. ಜಾಗ, ಮಾಸ್ತರ ಮನೆಯ ಜಗಲಿ.

ಅಕ್ಕೋರು: ಮಾಸ್ತರೇ, ಒಂದು ಕ್ರಿಯಾಪದ ನನ್ನ ತರಗತಿಯನ್ನು ಮುಂದೆ ಹೋಗಲು ಬಿಡುತ್ತಿಲ್ಲ. ‘ಹ್ಯಾವ್’. ಮಕ್ಕಳು ಚುರುಕಿದ್ದಾರೆ, ಪದಗಳನ್ನು ಬೇಗ ಹಿಡಿಯುತ್ತಾರೆ. ಆದರೆ ‘ಶಿ ಹ್ಯಾವ್ ಟೂ ಬ್ರದರ್ಸ್’ ಅನ್ನುತ್ತಾರೆ. ತಿದ್ದಿದರೆ ಒಪ್ಪುತ್ತಾರೆ, ಮರುದಿನ ಮತ್ತೆ ಅದನ್ನೇ ಹೇಳುತ್ತಾರೆ. ಇನ್ನು ಕೆಲವರು ‘ದೇ ಹ್ಯಾಸ್ ಒನ್ ಹೌಸ್’ ಅನ್ನುತ್ತಾರೆ.

ಮಾಸ್ತರು: ತಿದ್ದುವಾಗ ಏನು ಹೇಳುತ್ತೀರಿ?

ಅಕ್ಕೋರು: ಎಲ್ಲರೂ ಹೇಳುವುದನ್ನೇ. ಹಿ, ಶಿ, ಇಟ್ ಬಂದರೆ ಹ್ಯಾಸ್, ಉಳಿದದ್ದಕ್ಕೆಲ್ಲ ಹ್ಯಾವ್. ನಿಯಮ ಅವರಿಗೆ ಬಾಯಿಪಾಠ. ಕೇಳಿದರೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ವಾಕ್ಯ ಕಟ್ಟುವಾಗ ಮಾತ್ರ ಅದು ನೆನಪಿಗೆ ಬರುವುದಿಲ್ಲ.

ಮಾಸ್ತರು: ಶಿರಸಿಯ ಮಕ್ಕಳೂ ನನ್ನ ಮುಂದೆ ಅದೇ ವಾಕ್ಯ ಹೇಳುತ್ತಿದ್ದರು. ನಿಯಮವನ್ನು ಸ್ವಲ್ಪ ಬದಿಗಿಡೋಣ. ಆ ಹುಡುಗಿಯ ಅಣ್ಣಂದಿರ ವಿಷಯ ತಮಿಳಿನಲ್ಲಿ ಹೇಗೆ ಬರುತ್ತದೆ?

ಅಕ್ಕೋರು: ‘ಅವಳುಕ್ಕು ಇರಂಡು ಅಣ್ಣಂಗಳ್ ಇರುಕ್ಕಿರಾರ್ಗಳ್’.

ಮಾಸ್ತರು: ಕನ್ನಡದಲ್ಲಿ ‘ಅವಳಿಗೆ ಇಬ್ಬರು ಅಣ್ಣಂದಿರು ಇದ್ದಾರೆ’. ಈಗ ಹೇಳಿ, ‘ಇದ್ದಾರೆ’ ಎನ್ನುವುದು ಬಹುವಚನ ಆದದ್ದು ಯಾರನ್ನು ನೋಡಿ? ಅವಳನ್ನೋ, ಅಣ್ಣಂದಿರನ್ನೋ?

ಅಕ್ಕೋರು: ಅಣ್ಣಂದಿರನ್ನು ನೋಡಿ. ಒಬ್ಬನೇ ಅಣ್ಣ ಆಗಿದ್ದರೆ ‘ಇದ್ದಾನೆ’ ಆಗುತ್ತಿತ್ತು. ಅವಳು ಒಬ್ಬಳಿರಲಿ, ಹತ್ತು ಜನ ಇರಲಿ, ಕ್ರಿಯಾಪದಕ್ಕೆ ಅದರ ಗೊಡವೆ ಇಲ್ಲ.

ಮಾಸ್ತರು: ಅದೇ ಮೂಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಇರುವ ವಸ್ತುವಿನ ಜೊತೆ ಹೊಂದಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಇಟ್ಟುಕೊಂಡವರ ಜೊತೆ. ಮಗು ಇಬ್ಬರು ಅಣ್ಣಂದಿರನ್ನು ನೋಡಿತು, ಬಹುವಚನ ಅಂದುಕೊಂಡಿತು, ‘ಹ್ಯಾವ್’ ಅಂದಿತು. ಇನ್ನೊಂದು ಕಡೆ ಮನೆ ಒಂದೇ ಎಂದು ಕಂಡು ‘ಹ್ಯಾಸ್’ ಅಂದಿತು. ಮಗು ವ್ಯಾಕರಣ ಮರೆತದ್ದಲ್ಲ, ತನಗೆ ಚೆನ್ನಾಗಿ ಗೊತ್ತಿರುವ ವ್ಯಾಕರಣವನ್ನು ನಿಷ್ಠೆಯಿಂದ ನಡೆಸಿದ್ದು. ಹಿ, ಶಿ, ಇಟ್ ಎಂಬ ಪಟ್ಟಿಯನ್ನು ಎಷ್ಟು ಸಲ ಒಪ್ಪಿಸಿದರೂ ಎತ್ತ ನೋಡಬೇಕು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನಾವೇ ತೋರಿಸಬೇಕು.

ತೋಟಿಗರು: ಹಾಗಾದರೆ ‘ಹ್ಯಾವ್’ಗೆ ಸಮನಾದ ಪದ ನಮ್ಮಲ್ಲಿ ಇಲ್ಲವೇ? ನಿಘಂಟಿನಲ್ಲಿ ಅರ್ಥ ಕೊಟ್ಟಿರುತ್ತಾರಲ್ಲ, ಹೊಂದಿರು, ಪಡೆದಿರು ಅಂತ.

ಮಾಸ್ತರು: ಬರಹದಲ್ಲಿ ಅವು ನಡೆಯುತ್ತವೆ. ‘ಜಿಲ್ಲೆಯು ಹನ್ನೆರಡು ತಾಲೂಕುಗಳನ್ನು ಹೊಂದಿದೆ’ ಎಂದು ವರದಿಯಲ್ಲಿ ಬರೆಯುತ್ತಾರೆ. ಆದರೆ ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಎಂದು ಯಾವ ಅಡುಗೆಮನೆಯಲ್ಲೂ ಯಾರೂ ಹೇಳುವುದಿಲ್ಲ. ನಮ್ಮ ಬಾಯಲ್ಲಿ ಇರುವುದು ‘ಇರು’. ಯಾರಿಗೆ ಇದೆ ಎನ್ನುವುದನ್ನು ವಿಭಕ್ತಿ ಹೇಳುತ್ತದೆ. ತಮಿಳಿನಲ್ಲೂ ಕ್ರಿಯಾಪದ ‘ಇರು’ವೇ. ನಮ್ಮ ಹವ್ಯಕರ ಮನೆಮಾತಿನ ‘ಎಂಗೆ ಇದ್ದು’ ಎನ್ನುವುದನ್ನು ತಮಿಳಿನ ‘ಎನಕ್ಕು ಇರುಕ್ಕು’ ಪಕ್ಕದಲ್ಲಿಟ್ಟು ನೋಡಿ. ಮಾತಿನ ಕಟ್ಟು ಒಂದೇ.

ತೋಟಿಗರು: ಇದು ಕನ್ನಡ, ತಮಿಳಿನ ಗುಣವೋ? ನಮ್ಮ ಯಲ್ಲಾಪುರದ ಶಾಲೆಗಳಲ್ಲಿ ಮನೆಮಾತು ಒಂದಲ್ಲ. ಸಿದ್ದಿಯರ ಮಕ್ಕಳು ಕೊಂಕಣಿಯ ಬಗೆಯೊಂದನ್ನು ಆಡುತ್ತಾರೆ. ಗೌಳಿ ಮಕ್ಕಳದ್ದು ಮರಾಠಿಗೆ ಹತ್ತಿರದ ಮಾತು. ಪೇಟೆಯಲ್ಲಿ ಉರ್ದು ಮಾತಾಡುವವರೂ ಇದ್ದಾರೆ.

ಮಾಸ್ತರು: ಅವರೆಲ್ಲರೂ ಇದೇ ಸಾಲಿನವರು. ಕೊಂಕಣಿಯಲ್ಲಿ ‘ಮ್ಹಾಕಾ ದೋಗ್ ಭಾವ್ ಆಸಾತ್’, ಮರಾಠಿಯಲ್ಲಿ ‘ಮಲಾ ದೋನ್ ಭಾವೂ ಆಹೇತ್’. ಎರಡೂ ಕಡೆ ‘ನನಗೆ ಇದ್ದಾರೆ’. ಉರ್ದುವಿನಲ್ಲಿ ‘ಮೇರೇ ದೋ ಭಾಯೀ ಹೈಂ’. ಪಕ್ಕದ ಮುಂಡಗೋಡಿನಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸಾಹತಿದೆಯಲ್ಲ, ಅವರ ಮಾತಿನಲ್ಲೂ ‘ನನಗೆ’ ಎಂಬ ಅರ್ಥದ ‘ಙ-ಲ’ ಬಂದು ಕೊನೆಯಲ್ಲಿ ‘ಇದೆ’ ಎಂಬ ಅರ್ಥದ ಪದ ಬರುತ್ತದೆ. ದ್ರಾವಿಡ, ಆರ್ಯ, ಟಿಬೆಟನ್, ಮೂರು ಬೇರೆ ಬೇರೆ ಕುಲದ ಭಾಷೆಗಳು ಈ ಘಟ್ಟದ ಮೇಲೆ ಸೇರಿವೆ. ಒಂದರಲ್ಲೂ ಮಕ್ಕಳು ಮನೆಯಲ್ಲಿ ‘ಹ್ಯಾವ್’ ಥರದ ಕ್ರಿಯಾಪದದಿಂದ ಅಣ್ಣತಮ್ಮಂದಿರನ್ನು ಎಣಿಸುವುದಿಲ್ಲ.

ಅಕ್ಕೋರು: ಲ್ಯಾಟಿನ್ನಿನಲ್ಲೂ ‘ನನಗೆ ಇದೆ’ ಎಂಬ ಕಟ್ಟು ಇತ್ತು ಎಂದು ಓದಿದ್ದೆ.

ಮಾಸ್ತರು: ಹೌದು, ‘ಮಿಹಿ ಎಸ್ತ್’. ರಷ್ಯನ್ನರು ಇಂದಿಗೂ ‘ಉ ಮೆನ್ಯಾ ಯೆಸ್ತ್’ ಅನ್ನುತ್ತಾರೆ, ನನ್ನ ಹತ್ತಿರ ಇದೆ ಅಂತ. ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ 1960ರಲ್ಲಿ ಈ ವಿಷಯದ ಮೇಲೆ ಒಂದು ಹೆಸರಾಂತ ಲೇಖನ ಬರೆದರು. ‘ಯಾರಿಗೋ ಇದೆ’ ಎನ್ನುವುದೇ ಜಗತ್ತಿನಲ್ಲಿ ಹೆಚ್ಚು ಹರಡಿರುವ ರೀತಿ, ‘ಹ್ಯಾವ್’ ಅದನ್ನು ತಿರುಗಿಸಿ ಹೇಳುವ ರೀತಿ ಎಂಬುದು ಅವರ ವಾದದ ತಿರುಳು. ಆಮೇಲೆ ಲಿಯೋನ್ ಸ್ಟಾಸೆನ್ 240 ಭಾಷೆಗಳನ್ನು ಹೋಲಿಸಿ ನೋಡಿದರು. ಅವುಗಳಲ್ಲಿ ‘ಹ್ಯಾವ್’ ಬಗೆಯವು 63. ಅಂದರೆ ನಾಲ್ಕರಲ್ಲಿ ಒಂದರಷ್ಟು. ಆ ಇಂಗ್ಲಿಷ್ ಪದಕ್ಕೂ ಮೊದಲಿಗೆ ಇದ್ದದ್ದು ಹಿಡಿಯುವ ಅರ್ಥ. ಲ್ಯಾಟಿನ್ನಿನಲ್ಲಿ ಹಿಡಿ ಎಂಬ ಅರ್ಥದ ‘ಕಾಪೆರೆ’ ಇದೆಯಲ್ಲ, ಅದೂ ‘ಹ್ಯಾವ್’ವೂ ಒಂದೇ ಬೇರಿನವು. ಕೈಯಲ್ಲಿ ಹಿಡಿದವನು ಕರ್ತೃ ಆಗುವುದು ಸಹಜ. ಆಮೇಲೆ ಹಿಡಿಯಲಾಗದ ಅಣ್ಣಂದಿರಿಗೂ ಜ್ವರಕ್ಕೂ ಅದೇ ಕ್ರಿಯಾಪದ ವಿಸ್ತರಿಸಿತು.

ತೋಟಿಗರು: ಒಂದು ಅನುಮಾನ. ನಮ್ಮಲ್ಲಿ ಈ ಕ್ರಿಯಾಪದ ಇಲ್ಲ ಅಂದರೆ ಒಡೆತನದ ಕಲ್ಪನೆಯೇ ನಮಗೆ ಕಡಿಮೆ ಅಂತ ಅರ್ಥವೇ? ಕೆಲವರು ಹಾಗೆ ಹೇಳುವುದನ್ನು ಕೇಳಿದ್ದೇನೆ. ವಸ್ತುವೇ ಬಂದು ನಮ್ಮ ಹತ್ತಿರ ಇರುತ್ತದೆ, ನಾವು ಹಿಡಿದಿಡುವವರಲ್ಲ ಅಂತ.

ಮಾಸ್ತರು: ಕೇಳಲಿಕ್ಕೆ ಚೆಂದ, ಆದರೆ ನಿಜವಲ್ಲ. ಪಹಣಿ, ಖಾತೆ, ಹಿಸ್ಸೆ, ಗಡಿಕಲ್ಲು ಇವೆಲ್ಲ ನಮ್ಮವೇ ಮಾತುಗಳು. ತೋಟದ ಒಂದು ಗಜ ಅಂಚಿಗಾಗಿ ಎರಡು ತಲೆಮಾರು ಕೋರ್ಟಿಗೆ ಅಲೆದವರು ನಮ್ಮ ಮೂರೂ ತಾಲೂಕಿನಲ್ಲಿ ಇದ್ದಾರೆ. ವಾಕ್ಯದ ಕಟ್ಟನ್ನು ನೋಡಿ ಜನರ ಸ್ವಭಾವ ಹೇಳಬಾರದು. ಭಾಷೆ ಎಲ್ಲಿ ಸೂಕ್ಷ್ಮ, ಎಲ್ಲಿ ಅಲ್ಲ ಎಂಬುದನ್ನು ಮಾತ್ರ ಹೇಳಬಹುದು. ಆ ದೃಷ್ಟಿಯಿಂದ ನೋಡಿದರೆ ಈ ವಿಷಯದಲ್ಲಿ ನಮ್ಮ ಮಕ್ಕಳು ಇಂಗ್ಲಿಷಿಗಿಂತ ಹೆಚ್ಚಿನ ವಿವರ ಬಲ್ಲವರು.

ಅಕ್ಕೋರು: ಅದು ಹೇಗೆ?

ಮಾಸ್ತರು: ಇಂಗ್ಲಿಷಿನವನು ಎಲ್ಲಕ್ಕೂ ‘ಐ ಹ್ಯಾವ್’ ಅನ್ನುತ್ತಾನೆ. ನಾವು? ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’, ನಂಟಿಗೆ ‘ಗೆ’. ‘ನನ್ನ ಹತ್ತಿರ ಪೆನ್ನಿದೆ’, ಈಗ ಕೈಗೆ ಸಿಗುವ ವಸ್ತುವಿಗೆ ‘ಹತ್ತಿರ’. ‘ಅವರಲ್ಲಿ ತಾಳ್ಮೆ ಇದೆ’, ಗುಣಕ್ಕೆ ‘ಅಲ್ಲಿ’. ‘ನನಗೆ ಜ್ವರ ಬಂದಿದೆ’, ಕಾಯಿಲೆ ಇರುವುದು ಮಾತ್ರವಲ್ಲ, ಬರುತ್ತದೆ. ‘ನನ್ನ ಹತ್ತಿರ ಇಬ್ಬರು ಅಣ್ಣಂದಿರಿದ್ದಾರೆ’ ಅಂದರೆ ಅರ್ಥವೇ ಬೇರೆ. ಅವರು ನನ್ನ ಜೊತೆ ಇಲ್ಲಿ ವಾಸವಾಗಿದ್ದಾರೆ ಅಂತ ಆಗುತ್ತದೆ.

ಅಕ್ಕೋರು: ತಮಿಳಿನಲ್ಲೂ ಹಾಗೇ. ನಂಟಿಗೆ ‘ಎನಕ್ಕು’, ದುಡ್ಡಿಗೆ ‘ಎನ್ನಿಡಮ್’. ನನ್ನ ವಿದ್ಯಾರ್ಥಿಗಳು ಎರಡನ್ನೂ ಯೋಚಿಸದೆ ಸರಿಯಾಗಿ ಬಳಸುತ್ತಾರೆ.

ಮಾಸ್ತರು: ಅದನ್ನು ಅವರಿಗೆ ಹೇಳಿ. ‘ನೀವು ಬೇರೆ ಬೇರೆಯಾಗಿ ಹೇಳುವುದನ್ನೆಲ್ಲ ಇಂಗ್ಲಿಷ್ ಒಂದೇ ಪದದಲ್ಲಿ ಹೇಳುತ್ತದೆ. ಹೊಸತಾಗಿ ಕಲಿಯಬೇಕಾದ್ದು ಇಷ್ಟೇ, ಆ ವಾಕ್ಯದ ಯಜಮಾನಿಕೆ ವಸ್ತುವಿನದ್ದಲ್ಲ, ವ್ಯಕ್ತಿಯದ್ದು’ ಅಂತ. ಮಗುವಿಗೆ ತಾನು ಬರಿಗೈಯಲ್ಲಿ ಬಂದಿಲ್ಲ ಎಂದು ಗೊತ್ತಾದರೆ ಕಲಿಕೆಯ ಅರ್ಧ ಹೆದರಿಕೆ ಹೋಗುತ್ತದೆ.

ಅಕ್ಕೋರು: ಇನ್ನೊಂದು ತಪ್ಪು ಇದೆ. ‘ಐ ಆಮ್ ಹ್ಯಾವಿಂಗ್ ಎ ಸೈಕಲ್’. ಇದು ಮಕ್ಕಳಲ್ಲಿ ಮಾತ್ರವಲ್ಲ, ಕಚೇರಿಗಳಲ್ಲಿ ದೊಡ್ಡವರ ಬಾಯಲ್ಲೂ ಇದೆ. ಇದರ ಮೂಲ ನನಗೆ ತಮಿಳಿನಲ್ಲೇ ಸಿಕ್ಕಿತು. ‘ನಿನ್ನ ಹತ್ತಿರ ಸೈಕಲ್ ಇದೆಯಾ’ ಎನ್ನುವುದಕ್ಕೆ ಅವರು ‘ಸೈಕಲ್ ವೆಚ್ಚಿರುಕ್ಕಿಯಾ’ ಅಂತಲೂ ಕೇಳುತ್ತಾರೆ. ‘ವೈ’ ಅಂದರೆ ಇಡು. ‘ವೈತ್ತಿರುಕ್ಕಿರೇನ್’ ಅಂದರೆ ಇಟ್ಟುಕೊಂಡಿದ್ದೇನೆ. ಇಲ್ಲಿ ವ್ಯಕ್ತಿಯೇ ಕರ್ತೃ. ‘ಮಾಡುತ್ತಿದ್ದೇನೆ’ ಎಂದು ಹೇಳುವಾಗಲೂ ಅವರಿಗೆ ಕೊನೆಯಲ್ಲಿ ಅದೇ ‘ಇರುಕ್ಕಿರೇನ್’ ಬರುತ್ತದೆ. ಒಂದೇ ಧ್ವನಿ ಕೇಳಿ ಮಗು ಇಂಗ್ಲಿಷಿನಲ್ಲಿ ‘ಆಮ್’ ಸೇರಿಸಿ ‘ಹ್ಯಾವಿಂಗ್’ ಮಾಡುತ್ತದೆ.

ಮಾಸ್ತರು: ನಮ್ಮ ‘ಇಟ್ಟುಕೊಂಡಿದ್ದೇನೆ’ ಕೂಡ ಅದೇ ದಾರಿ ತೋರಿಸುತ್ತದೆ. ಒಡೆತನ, ನಂಟು, ಸ್ಥಿತಿ ಇವಕ್ಕೆ ‘ಹ್ಯಾವಿಂಗ್’ ಬೇಡ. ಆ ಹೊತ್ತಿನಲ್ಲಿ ನಡೆಯುತ್ತಿರುವ ಕೆಲಸಕ್ಕೆ ಬೇಕು. ‘ಐ ಆಮ್ ಹ್ಯಾವಿಂಗ್ ಲಂಚ್’ ಪೂರ್ತಿ ಸರಿ, ಯಾಕೆಂದರೆ ಅಲ್ಲಿ ಊಟ ನಡೆಯುತ್ತಿದೆ. ‘ಇದೆ’ ಎಂಬ ಅರ್ಥವಾದರೆ ‘ಹ್ಯಾವ್’, ‘ಮಾಡುತ್ತಿದ್ದೇನೆ’ ಎಂಬ ಅರ್ಥವಾದರೆ ‘ಹ್ಯಾವಿಂಗ್’. ಈ ಪರೀಕ್ಷೆಗೆ ಮನೆಮಾತು ಸಾಕು.

ತೋಟಿಗರು: ಊಟಕ್ಕೂ ಅದೇ ಪದವೇ? ನಮ್ಮ ಮನೆಗೆ ಯಾರು ಬಂದರೂ ಮೊದಲು ‘ಆಸರಿಗೆ ಎಂತ ಬೇಕು’, ಅಂದರೆ ಕುಡಿಯಲು ಏನು ಬೇಕು ಎಂದು ಕೇಳುತ್ತೇವೆ. ಇಂಗ್ಲಿಷಿನವರು?

ಮಾಸ್ತರು: ‘ವಾಟ್ ವಿಲ್ ಯು ಹ್ಯಾವ್?’ ಅನ್ನುತ್ತಾರೆ. ಇದರಲ್ಲಿ ಒಡೆತನ ಏನೂ ಇಲ್ಲ. ತಗೊಳ್ಳುವುದು, ತಿನ್ನುವುದು, ಕುಡಿಯುವುದು ಎಲ್ಲ ಅದರೊಳಗಿದೆ. ನಾವು ಊಟ ಮಾಡುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ, ಕವಳ ಹಾಕುತ್ತೇವೆ, ಮಾತ್ರೆ ನುಂಗುತ್ತೇವೆ. ಇಂಗ್ಲಿಷಿನಲ್ಲಿ ಊಟ, ಮಜ್ಜಿಗೆ, ಕವಳ ಮೂರನ್ನೂ ‘ಹ್ಯಾವ್’ ಮಾಡಬಹುದು.

ಅಕ್ಕೋರು: ಇಲ್ಲಿ ತಮಿಳಿನ ಮಕ್ಕಳಿಗೆ ನಮಗಿಂತ ಸುಲಭ. ಅವರು ‘ಸಾಪ್ಪಿಡು’ ಎನ್ನುವುದನ್ನು ಊಟಕ್ಕೂ ಹೇಳುತ್ತಾರೆ, ‘ಕಾಪಿ ಸಾಪ್ಪಿಡುಂಗ’ ಅಂತಲೂ ಕರೆಯುತ್ತಾರೆ, ಮಾತ್ರೆಗೂ ಅದನ್ನೇ ಬಳಸುತ್ತಾರೆ. ಅಗಲವಾದ ಕ್ರಿಯಾಪದ ಅವರಿಗೆ ಹೊಸತಲ್ಲ.

ಮಾಸ್ತರು: ನೋಡಿ, ಒಂದೇ ಪಾಠ ಎರಡು ಭಾಷೆಯ ಮಕ್ಕಳಿಗೆ ಒಂದೇ ರೀತಿ ಸಾಗುವುದಿಲ್ಲ. ಕಲಿಸುವವರಿಗೆ ಮಕ್ಕಳ ಮಾತು ಗೊತ್ತಿರಬೇಕು ಎನ್ನುವುದು ಇದಕ್ಕೇ.

ಅಕ್ಕೋರು: ಇನ್ನು ‘ಹ್ಯಾವ್ ಗಾನ್’, ‘ಹ್ಯಾವ್ ಸೀನ್’. ಒಡೆತನಕ್ಕೂ ಇದಕ್ಕೂ ಏನು ಸಂಬಂಧ ಅಂತ ದೊಡ್ಡ ಮಕ್ಕಳು ಕೇಳುತ್ತಾರೆ. ಬೇರೆ ಪದ ಅಂತ ತಿಳಿದುಕೊಳ್ಳಿ ಎಂದು ಮುಂದೆ ಹೋಗಿಬಿಡುತ್ತೇನೆ.

ಮಾಸ್ತರು: ಬೇರೆ ಪದವಲ್ಲ. ಅವರ ಮನೆಮಾತಿನಲ್ಲೇ ಉತ್ತರವಿದೆ. ‘ಹೋಗಿದ್ದಾನೆ’ ಎನ್ನುವುದನ್ನು ಬಿಡಿಸಿ.

ಅಕ್ಕೋರು: ಹೋಗಿ, ಇದ್ದಾನೆ. ತಮಿಳಿನಲ್ಲಿ ‘ಪೋಯಿರುಕ್ಕಿರಾನ್’, ಪೋಯ್, ಇರುಕ್ಕಿರಾನ್.

ಮಾಸ್ತರು: ‘ಅಣ್ಣಂದಿರು ಇದ್ದಾರೆ’ ಎನ್ನುವಲ್ಲಿ ಇದ್ದ ‘ಇರು’ ಇಲ್ಲೂ ಬಂತು. ನಮ್ಮ ಎರಡೂ ಭಾಷೆಗಳಲ್ಲಿ ಸ್ವತ್ತಿಗೂ ‘ಇರು’, ಮುಗಿದು ಉಳಿದ ಕೆಲಸಕ್ಕೂ ‘ಇರು’. ಇಂಗ್ಲಿಷಿನಲ್ಲಿ ಎರಡೂ ಕಡೆ ‘ಹ್ಯಾವ್’. ಜೋಡಿ ಎಷ್ಟು ಅಚ್ಚುಕಟ್ಟಾಗಿ ಕೂಡುತ್ತದೆ ನೋಡಿ. ಇಂಗ್ಲಿಷಿನ ಬಳಕೆ ಹೀಗೆ ಬೆಳೆದಿದೆ: ‘ಬರೆದ ಪತ್ರ ನನ್ನ ಹತ್ತಿರ ಇದೆ’ ಎಂಬ ಅರ್ಥದ ಮಾತು ಕ್ರಮೇಣ ‘ಪತ್ರ ಬರೆದಿದ್ದೇನೆ’ ಎಂಬ ಅರ್ಥಕ್ಕೆ ತಿರುಗಿತು. ಹಳೆಯ ಇಂಗ್ಲಿಷಿನಲ್ಲಿ ಹೋಗು, ಬಾ ಎಂಬಂಥ ಕ್ರಿಯಾಪದಗಳಿಗೆ ನಮ್ಮ ಹಾಗೆ ‘ಇರು’ವನ್ನೇ ಹಚ್ಚುತ್ತಿದ್ದರು. ‘ಹಿ ಈಸ್ ಕಮ್’ ಎಂಬ ರೂಪ ಹಳೆಯ ಪುಸ್ತಕಗಳಲ್ಲಿ ಇಂದಿಗೂ ಸಿಗುತ್ತದೆ.

ತೋಟಿಗರು: ಹವ್ಯಕ ಮಾತಿನಲ್ಲಿ ‘ಬೈಂದ’ ಅನ್ನುತ್ತೇವೆ, ಬಂದಿದ್ದಾನೆ ಅಂತ. ‘ಹೋಯ್ದ’ ಅಂದರೆ ಹೋಗಿದ್ದಾನೆ.

ಮಾಸ್ತರು: ಅಲ್ಲಿ ಬೆಸುಗೆ ಇನ್ನೂ ಗಟ್ಟಿ, ಬಿಡಿಸಿ ತೋರಿಸುವುದೇ ಕಷ್ಟ. ಆದರೆ ಈ ಜೋಡಿಯನ್ನು ಪೂರ್ತಿ ನಂಬಿದರೆ ಒಂದು ಕಡೆ ಮೋಸ ಹೋಗುತ್ತೇವೆ. ‘ಅವನು ನಿನ್ನೆಯೇ ಬಂದಿದ್ದಾನೆ’ ಎನ್ನುವುದು ನಮಗೆ ಸಹಜ. ತಮಿಳಿನವರಿಗೂ ಸಹಜ. ಇಂಗ್ಲಿಷಿನಲ್ಲಿ ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಆಗುವುದಿಲ್ಲ. ನಿನ್ನೆ, ಹೋದ ವಾರ, 2010ರಲ್ಲಿ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ‘ಹ್ಯಾಸ್’ ಬರಬಾರದು, ‘ಹಿ ಕೇಮ್ ಯೆಸ್ಟರ್‌ಡೇ’ ಎಂದೇ ಹೇಳಬೇಕು. ಕನ್ನಡದ ‘ಇದ್ದಾನೆ’ ಹೇಳುವುದು ಫಲ ಈಗ ಉಳಿದಿದೆ ಎಂದು. ಇಂಗ್ಲಿಷಿನ ‘ಹ್ಯಾಸ್’ ಅದರ ಜೊತೆಗೆ ಇನ್ನೊಂದು ಷರತ್ತು ಹಾಕುತ್ತದೆ, ಆ ಹೊತ್ತು ಇನ್ನೂ ಮುಗಿದಿರಬಾರದು ಅಂತ. ಎಲ್ಲಿ ಕೂಡುತ್ತದೆ ಎಂದು ತೋರಿಸಿದ ಮೇಷ್ಟರು ಎಲ್ಲಿ ಬೇರೆಯಾಗುತ್ತದೆ ಎಂದೂ ತೋರಿಸಬೇಕು.

ತೋಟಿಗರು: ನಾನು ಒಂದು ವಾಕ್ಯ ಕೇಳುತ್ತೇನೆ. ಮಳೆಗಾಲದ ಮೊದಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಿದೆ. ಇದು ಇಂಗ್ಲಿಷಿನಲ್ಲಿ ಹೇಗೆ?

ಮಾಸ್ತರು: ಒಳ್ಳೆಯ ವಾಕ್ಯ ತಂದಿರಿ. ‘ಐ ಹ್ಯಾಡ್ ದ ಗಾರ್ಡನ್ ಸ್ಪ್ರೇಡ್’.

ತೋಟಿಗರು: ‘ಐ ಹ್ಯಾಡ್ ಸ್ಪ್ರೇಡ್ ದ ಗಾರ್ಡನ್’ ಅಂದರೆ?

ಮಾಸ್ತರು: ಆಗ ಮರ ಹತ್ತಿದವರು ನೀವೇ ಆಗುತ್ತೀರಿ! ಅದು ‘ಹೊಡೆದಿದ್ದೆ’. ಮೊದಲನೆಯದು ‘ಹೊಡೆಸಿದೆ’. ನಮ್ಮಲ್ಲಿ ಇಡೀ ವ್ಯತ್ಯಾಸ ‘ಇಸು’ ಪ್ರತ್ಯಯದಲ್ಲಿದೆ. ಕೊನೆ ಕೊಯ್ಯುವುದು, ಕೊಯ್ಯಿಸುವುದು. ಅಡಿಕೆ ಸುಲಿಯುವುದು, ಸುಲಿಸುವುದು. ಇಂಗ್ಲಿಷಿನಲ್ಲಿ ಅದೇ ಪದಗಳು, ಅದೇ ರೂಪಗಳು. ಜಾಗ ಬದಲಾದರೆ ಅರ್ಥ ಬದಲಾಗುತ್ತದೆ. ‘ಹ್ಯಾಡ್’ ಆದ ಕೂಡಲೇ ತೋಟ ಬಂದರೆ ಮಾಡಿಸಿದ್ದು, ‘ಹ್ಯಾಡ್’ ಆದ ಕೂಡಲೇ ಕೆಲಸ ಬಂದರೆ ಮಾಡಿದ್ದು.

ತೋಟಿಗರು: ಇದು ಸಣ್ಣ ವ್ಯತ್ಯಾಸವಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹದವಾಗಿ ಕೂಡಿಸಿ, ಕೊಳೆರೋಗ ಬರುವ ಮೊದಲೇ ಮರ ಹತ್ತಿ ಒಂದೊಂದು ಕೊನೆಗೂ ಮುಟ್ಟಿಸುವುದು ಜೀವದ ಹಂಗು ತೊರೆದು ಮಾಡುವ ಕೆಲಸ. ನಾನು ಮಾಡಿಸಿದವನು, ಮಾಡಿದವರು ಬೇರೆ. ಆ ಮನ್ನಣೆ ಅವರಿಗೇ ಸಲ್ಲಬೇಕು.

ಅಕ್ಕೋರು: ತಮಿಳಿನ ಮಾತಿನಲ್ಲಿ ‘ಪಣ್ಣ ವೆಚ್ಚೇನ್’ ಅನ್ನುತ್ತಾರೆ, ಮಾಡಿಸಿದೆ ಅಂತ. ಅದೇ ‘ವೈ’, ಇಡು. ಸೈಕಲ್ ಇಟ್ಟುಕೊಳ್ಳುವುದಕ್ಕೂ ಕೆಲಸ ಮಾಡಿಸುವುದಕ್ಕೂ ಅವರಿಗೆ ಒಂದೇ ಕ್ರಿಯಾಪದ ಒದಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹ್ಯಾವ್’. ಇಷ್ಟು ದಿನ ಈ ಎರಡನ್ನೂ ಒಟ್ಟಿಗಿಟ್ಟು ನೋಡಿರಲಿಲ್ಲ.

ಮಾಸ್ತರು: ಹಾಗಾದರೆ ನಿಮ್ಮ ಮಕ್ಕಳಿಗೆ ಇದನ್ನು ‘ವೈ’ ಬಾಗಿಲಿನಿಂದ ಕಲಿಸಿ, ನಮ್ಮ ಮಕ್ಕಳಿಗೆ ‘ಇಸು’ ಬಾಗಿಲಿನಿಂದ.

ಅಕ್ಕೋರು: ‘ಹ್ಯಾವ್ ಟು’ ಉಳಿಯಿತು. ಹೋಗಬೇಕು, ಓದಬೇಕು.

ಮಾಸ್ತರು: ನಮ್ಮ ‘ಬೇಕು’ ಯಾರಿಗೂ ಬಗ್ಗುವುದಿಲ್ಲ. ನಾನು, ನೀನು, ಅವಳು ಎಲ್ಲರಿಗೂ ‘ಹೋಗಬೇಕು’. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಟು’, ‘ಶಿ ಹ್ಯಾಸ್ ಟು’. ಕಿವಿಗೂ ಸ್ವಲ್ಪ ಪಾಠ ಬೇಕು. ಮಾತಿನಲ್ಲಿ ಅದು ‘ಹ್ಯಾಫ್‌ಟು’, ‘ಹ್ಯಾಸ್‌ಟು’ ಎಂದು ಕೇಳಿಸುತ್ತದೆ. ಬರೆದಂತೆ ಬಿಡಿಸಿ ಹೇಳಿಕೊಟ್ಟರೆ ಮಕ್ಕಳಿಗೆ ಕೇಳಿದಾಗ ಗುರುತು ಸಿಗುವುದಿಲ್ಲ. ನಿಜವಾದ ಎಚ್ಚರ ‘ಬೇಡ’ ಎನ್ನುವ ಕಡೆ ಬೇಕು. ‘ಯು ಡೋಂಟ್ ಹ್ಯಾವ್ ಟು ಕಮ್’ ಅಂದರೆ ಬರಬೇಕಾಗಿಲ್ಲ, ಬಂದರೆ ತಪ್ಪೇನಿಲ್ಲ. ‘ಯು ಮಸ್ಟ್ ನಾಟ್ ಕಮ್’ ಅಂದರೆ ಬರಕೂಡದು.

ಅಕ್ಕೋರು: ತಮಿಳಿನಲ್ಲಿ ಅದು ‘ವರಕ್ಕೂಡಾದು’. ನಮ್ಮ ಕೂಡದು, ಅವರ ಕೂಡಾದು. ಈ ಒಂದು ಜೋಡಿ ಹೇಳಿಕೊಟ್ಟರೆ ಸಾಕು, ಆ ತಪ್ಪು ಮತ್ತೆ ಬರುವುದಿಲ್ಲ.

ಮಾಸ್ತರು: ಇದನ್ನು ನಿಯಮವಾಗಿ ಹೇಳದೆ ಕೆಲಸವಾಗಿ ಕೊಡಿ. 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಪ್ರಾಜೆಕ್ಟ್ ಎಂದು ಅದು ಜಗತ್ತಿಗೆಲ್ಲ ಗೊತ್ತು. 1987ರಲ್ಲಿ ಅದರ ಪುಸ್ತಕ ಬಂತು. ಮಕ್ಕಳ ಕೈಗೆ ವೇಳಾಪಟ್ಟಿ, ನಕ್ಷೆ ಕೊಟ್ಟು ಒಂದು ಸಮಸ್ಯೆ ಬಿಡಿಸಲು ಹೇಳುವುದು. ಮನಸ್ಸು ಅರ್ಥದ ಮೇಲೆ ನೆಟ್ಟಾಗ ರೂಪ ತಾನೇ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ನಾನು ಶಿರಸಿಯ ಬಸ್ಸಿನ ವೇಳಾಪಟ್ಟಿ ಕೊಡುತ್ತಿದ್ದೆ. ಸಿದ್ದಾಪುರದ ಹುಡುಗಿ ಯಲ್ಲಾಪುರಕ್ಕೆ ಹೋಗಬೇಕು. ಎಲ್ಲಿ ಇಳಿದು ಬಸ್ ಬದಲಿಸಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಬಸ್ಸಿಗೆ ಕಾಯಬೇಕಾಗಿಲ್ಲ? ‘ಶಿ ಹ್ಯಾಸ್ ಟು’ ಎನ್ನುವುದು ಹತ್ತಾರು ಸಲ ಬಾಯಿಗೆ ಬರುತ್ತಿತ್ತು, ಯಾರಿಗೂ ಬೇಸರವಿಲ್ಲದೆ.

ಅಕ್ಕೋರು: ಪ್ರಭು ಅವರ ದಾರಿಯಲ್ಲಿ ವ್ಯಾಕರಣದ ವಿವರಣೆಗೆ ಜಾಗ ಕಡಿಮೆ. ನೀವು ಇಷ್ಟು ಹೊತ್ತು ಮಾಡಿದ್ದು ವಿವರಣೆ.

ಮಾಸ್ತರು: ಎರಡಕ್ಕೂ ವಿರೋಧವಿದೆ ಎಂದು ನನಗೆ ಅನ್ನಿಸಿಲ್ಲ. ಅಭ್ಯಾಸವಿಲ್ಲದ ವಿವರಣೆ ಬಾಯಿಪಾಠ ಆಗುತ್ತದೆ. ಆದರೆ ಮನೆಮಾತು ಮಗುವನ್ನು ಬೇರೆ ಕಡೆ ಎಳೆಯುವ ಒಂದೆರಡು ಜಾಗಗಳಿವೆ. ಅಲ್ಲಿ ಒಂದು ಮಾತು ಹೇಳದಿದ್ದರೆ ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ತಪ್ಪು ಗಟ್ಟಿಯಾಗುತ್ತದೆ. ಆ ಜಾಗಗಳನ್ನು ಗುರುತಿಸುವುದೇ ಕಲಿಸುವವರ ವಿದ್ಯೆ.

ತೋಟಿಗರು: ನನಗೊಂದು ಪ್ರಶ್ನೆ ಬಹಳ ದಿನದಿಂದ ಉಳಿದಿದೆ. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಫೋನಿನಲ್ಲಿ ಕೇಳಿದಳು, ‘ಅಜ್ಜಾ, ಡು ವಿ ಹ್ಯಾವ್ ಎ ಫಾರೆಸ್ಟ್?’ ಅಂತ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಬಗ್ಗೆ ಅವಳ ಅಪ್ಪ ಹೇಳಿದ್ದನಂತೆ. ‘ಯೆಸ್’ ಅನ್ನಲೋ, ‘ನೋ’ ಅನ್ನಲೋ ನನಗೆ ತಿಳಿಯಲಿಲ್ಲ. ‘ನಮಗೆ ಬೆಟ್ಟ ಇದೆ’ ಎಂದು ಕನ್ನಡದಲ್ಲಿ ಹೇಳುವಾಗ ನನಗೆ ಯಾವ ಸಂಕೋಚವೂ ಆಗುವುದಿಲ್ಲ.

ಮಾಸ್ತರು: ನಿಮ್ಮ ಸಂಕೋಚ ಪ್ರಾಮಾಣಿಕವಾದದ್ದು. ‘ನಮಗೆ ಇದೆ’ ಅಂದರೆ ಅದು ನಮ್ಮ ಸ್ವಂತದ್ದೂ ಆಗಿರಬಹುದು, ನಮಗೆ ಸಲ್ಲುವ ಸವಲತ್ತೂ ಆಗಿರಬಹುದು. ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಹಳೆಯದು. ನೆಲ ಸರ್ಕಾರದ್ದು. ಸೊಪ್ಪು ಕಡಿಯುವುದು, ದರಕು ಎಂಬ ಒಣ ಎಲೆ ಗುಡಿಸುವುದು, ದನ ಮೇಯಿಸುವುದು ತೋಟದವರ ಸವಲತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಕುಮ್ಕಿ, ಬಾಣೆ, ಕಾನೆ, ಹಾಡಿಗಳ ಜೊತೆ ಬೆಟ್ಟದ ಹೆಸರೂ ಇದೆ, ಸವಲತ್ತು ಎಂದೇ ಇದೆ.

ತೋಟಿಗರು: ಆ ಬೆಟ್ಟ ಇಲ್ಲದಿದ್ದರೆ ತೋಟಕ್ಕೆ ಗೊಬ್ಬರ ಎಲ್ಲಿಂದ? ನನ್ನ ಅಜ್ಜ ಬೆಟ್ಟದ ಒಂದು ಮರವನ್ನೂ ಬುಡದಿಂದ ಕಡಿಯಲು ಬಿಡುತ್ತಿರಲಿಲ್ಲ. ನಮ್ಮದಲ್ಲ ಎಂದು ಗೊತ್ತಿದ್ದೂ ನಮ್ಮದರಂತೆ ಕಾದವರು ಅವರು.

ಮಾಸ್ತರು: ಅದನ್ನೇ ಮೊಮ್ಮಗಳಿಗೆ ಹೇಳಿ. ‘ವಿ ಓನ್ ದ ಗಾರ್ಡನ್. ವಿ ಹ್ಯಾವ್ ದ ಯೂಸ್ ಆಫ್ ದ ಬೆಟ್ಟ.’ ತೋಟ ಸ್ವಂತದ್ದು, ಬೆಟ್ಟದ ಬಳಕೆ ನಮಗಿದೆ. ಇನ್ನೂ ಪೂರ್ತಿಯಾಗಿ ಹೇಳಬೇಕಾದರೆ, ‘ವಿ ಹ್ಯಾವ್ ಹ್ಯಾಡ್ ದ ಯೂಸ್ ಆಫ್ ದಿಸ್ ಬೆಟ್ಟ ಫಾರ್ ಥ್ರೀ ಜನರೇಶನ್ಸ್’.

ಅಕ್ಕೋರು: ‘ಹ್ಯಾವ್ ಹ್ಯಾಡ್’. ಮಕ್ಕಳು ಇದನ್ನು ನೋಡಿದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

ಮಾಸ್ತರು: ಕನ್ನಡದಲ್ಲಿ ಹೇಳಿ, ತಪ್ಪಲ್ಲ ಎಂದು ಅವರಿಗೇ ಗೊತ್ತಾಗುತ್ತದೆ. ‘ಮೂರು ತಲೆಮಾರಿನಿಂದ ಅನುಭವಿಸುತ್ತ ಬಂದಿದ್ದೇವೆ’. ಎರಡನೆಯ ‘ಹ್ಯಾಡ್’ ಅನುಭವಿಸುವುದು. ಮೊದಲನೆಯ ‘ಹ್ಯಾವ್’ ನಮ್ಮ ‘ಬಂದಿದ್ದೇವೆ’ ಎನ್ನುವುದರ ಒಳಗಿನ ‘ಇದ್ದೇವೆ’, ಅಂದಿನಿಂದ ಇಂದಿನ ತನಕ. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ರೈತನಿಗೆ ‘ಓನ್’ ಎಲ್ಲಿ ಹಾಕಬೇಕು, ‘ಹ್ಯಾವ್’ ಎಲ್ಲಿ ಸಾಕು ಎಂಬುದು ತಿಳಿದಿರಬೇಕು. ಇಲ್ಲದಿದ್ದರೆ ಇಲ್ಲದ ಒಡೆತನ ಸಾರಿದಂತೆ ಆಗುತ್ತದೆ, ಇರುವ ಸವಲತ್ತು ಬಿಟ್ಟುಕೊಟ್ಟಂತೆಯೂ ಆಗಬಹುದು.

ಅಕ್ಕೋರು: ಆದರೆ ಮಾಸ್ತರೇ, ಇಂಗ್ಲಿಷ್ ತರಗತಿಯಲ್ಲಿ ಮನೆಮಾತು ಆಡಬಾರದು ಎಂಬ ಶಾಲೆಗಳೇ ಹೆಚ್ಚು. ಪಾಲಕರೂ ಅದನ್ನೇ ಕೇಳುತ್ತಾರೆ.

ಮಾಸ್ತರು: 2007-08ರಲ್ಲಿ ನಮ್ಮ ರಾಜ್ಯದ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂತು. ಆಗ ನಾನು ಸಂತೋಷಪಟ್ಟವನು. ಆದರೆ ಇಂಗ್ಲಿಷ್ ಬರಲು ಮನೆಮಾತು ಹೊರಗೆ ನಿಲ್ಲಬೇಕು ಎಂಬುದನ್ನು ಎಂದೂ ಒಪ್ಪಲಿಲ್ಲ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕ ಬರೆದರು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ನೋಡಬೇಡಿ ಎಂದರು. ಅದನ್ನು ಇಂಗ್ಲಿಷ್ ಕಲಿಸುವವರೂ ಓದಬೇಕು. ನಮ್ಮ ಭಾಷೆ ತಾನು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದವರು ಇನ್ನೊಂದು ಭಾಷೆ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಲಾರರು.

ತೋಟಿಗರು: ಹಾಗಾದರೆ ಒಂದು ಕೆಲಸ ಮಾಡುವಾ. ನಮ್ಮ ಊರಿನ ಶಾಲೆಯಲ್ಲಿ ಮಕ್ಕಳು ತಂತಮ್ಮ ಮನೆಮಾತಿನಲ್ಲಿ ಒಂದೊಂದು ವಾಕ್ಯ ಬರೆಯಲಿ, ತಮಗೆ ಏನಿದೆ, ಯಾರಿದ್ದಾರೆ ಅಂತ. ಸಿದ್ದಿ ಮಕ್ಕಳು ಅವರ ಮಾತಿನಲ್ಲಿ, ಗೌಳಿ ಮಕ್ಕಳು ಅವರ ಮಾತಿನಲ್ಲಿ. ಅದರ ಎದುರಿಗೆ ಕನ್ನಡ, ಆಮೇಲೆ ಇಂಗ್ಲಿಷ್. ಗೋಡೆಗೆ ದೊಡ್ಡದಾಗಿ ಹಾಕುವಾ. ಹಾಳೆ, ಬಣ್ಣದ ಖರ್ಚು ನನ್ನದು.

ಅಕ್ಕೋರು: ನಾನು ತಮಿಳಿನ ಸಾಲು ಕಳಿಸುತ್ತೇನೆ. ನನ್ನ ಮಕ್ಕಳಿಗೂ ಯಲ್ಲಾಪುರದ ಸಾಲುಗಳನ್ನು ತೋರಿಸುತ್ತೇನೆ.

ಮಾಸ್ತರು: ಪ್ರತಿ ಸಾಲಿನಲ್ಲೂ ಕರ್ತೃ ಯಾರು, ಕ್ರಿಯಾಪದ ಯಾರನ್ನು ನೋಡುತ್ತದೆ ಎಂದು ಮಕ್ಕಳೇ ಗೆರೆ ಎಳೆಯಲಿ. ಉಳಿದೆಲ್ಲ ಸಾಲುಗಳಲ್ಲಿ ಗೆರೆ ವಸ್ತುವಿನ ಕಡೆ, ಇಂಗ್ಲಿಷ್ ಸಾಲಿನಲ್ಲಿ ಮಾತ್ರ ವ್ಯಕ್ತಿಯ ಕಡೆ. ಹೇಗೆ ಹೇಳಬೇಕು ಎಂದು ಕೇಳುವ ಮೊದಲು ಯಾಕೆ ಬೇರೆ ಎಂದು ಕೇಳುವ ಮಕ್ಕಳನ್ನು ನಾವು ಬೆಳೆಸಬೇಕು. ಅಂಥ ಮಗು ಇಂಗ್ಲಿಷನ್ನೂ ಚೆನ್ನಾಗಿ ಕಲಿಯುತ್ತದೆ, ತನ್ನ ಮಾತನ್ನೂ ಕೀಳೆಂದು ತಿಳಿಯುವುದಿಲ್ಲ.